ಎಡದ ಟಿ.ವಿ., ಬಲದ ಟಿ.ವಿ.

ಆಫೀಸಿನಲ್ಲಿ ಎಲ್ಲರೂ ಅವಳನ್ನು ತಂತಿ ಅಕ್ಕ ಎನ್ನುತ್ತಿದ್ದರು. ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ. ಯಾವ ಯಂತ್ರದ ತಂತಿ ಯಾವ ತೂತಿಗೆ ಸೇರಬೇಕು ಎನ್ನುವುದರಲ್ಲಿ ಅವಳದು ಎತ್ತಿದ ಕೈ. ವಯಸ್ಸು ಐವತ್ತೊಂದು, ಮದುವೆಯ ಗೋಜಿಗೆ ಹೋದವಳಲ್ಲ. ಹೆಗಲಿಗೊಂದು ಚೀಲ, ಚೀಲದಲ್ಲಿ ಸದಾ ಒಂದು ಸ್ಕ್ರೂಡ್ರೈವರ್. ಜನ ಏನನ್ನು ಕೊಳ್ಳುತ್ತಾರೆ, ಏನನ್ನು ಕೊಳ್ಳುವುದಿಲ್ಲ ಎಂದು ದೊಡ್ಡ ದೊಡ್ಡ ಕಂಪನಿಗಳಿಗೆ ಮುಂಚೆಯೇ ಹೇಳಿಬಿಡುವುದು ಆ ಆಫೀಸಿನ ಕಸುಬು. ಜ್ಯೋತಿಷಿ ಮಾಡುವುದೂ ಅದನ್ನೇ. ಆದರೆ ಅವನು ನಮ್ಮ ಕೈಲಿ ಫಾರಂ ತುಂಬಿಸುವುದಿಲ್ಲ, ಪುಣ್ಯಾತ್ಮ.

ಆ ವರ್ಷ ಪರೀಕ್ಷೆಗೆ ಬಂದದ್ದು ಹೊಸ ಡಿಸ್ಕ್. ಮನೆಯಲ್ಲಿ ಸಿನಿಮಾ ನೋಡುವ ಡಿಸ್ಕೇ. ಹಳೆಯದರ ಹಾಗೆಯೇ ದುಂಡಗೆ, ಅಷ್ಟೇ ಅಗಲ. ಚಿತ್ರ ಮಾತ್ರ ಐದು ಪಟ್ಟು ಸ್ಪಷ್ಟ ಎಂದು ತಯಾರಿಸಿದವರ ಮಾತು. ಆದರೆ ಹಳೆಯ ಪ್ಲೇಯರಿನಲ್ಲಿ ಅದು ಜಪ್ಪಯ್ಯ ಎಂದರೂ ಓಡುವುದಿಲ್ಲ, ಹೊಸ ಪ್ಲೇಯರೇ ಬೇಕು. ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ಮೂಲೆಗೆ ತಳ್ಳಿ, ಜನ ಹೊಸದನ್ನು ಮನೆಗೆ ತರುತ್ತಾರೆಯೇ? ಕಂಪನಿಗೆ ಬೇಕಾಗಿದ್ದದ್ದು ಈ ಒಂದು ಪ್ರಶ್ನೆಗೆ ಉತ್ತರ.

ಉತ್ತರ ಸಿಗಬೇಕಾಗಿದ್ದದ್ದು ಎರಡನೇ ಮಹಡಿಯ ಒಂದು ಕಿಟಕಿಯಿಲ್ಲದ ಕೋಣೆಯಲ್ಲಿ. ಒಂದು ಸೋಫಾ, ಮೂರು ಕುರ್ಚಿ, ಎದುರಿಗೆ ಅಕ್ಕಪಕ್ಕ ಎರಡು ಟಿ.ವಿ. ಎಡದ್ದರಲ್ಲಿ ಹಳೆಯ ಡಿಸ್ಕಿನ ಚಿತ್ರ, ಬಲದ್ದರಲ್ಲಿ ಹೊಸದರದ್ದು. ಎರಡರಲ್ಲೂ ಅದೇ ಏಳು ನಿಮಿಷದ ಚಿತ್ರ: ಎಲೆಯ ಮೇಲೆ ನೀರಿನ ಹನಿ, ಹಣ್ಣಿನ ಮಾರುಕಟ್ಟೆ, ಗಾಜಿನ ತೊಟ್ಟಿಯಲ್ಲಿ ಮೀನು, ಕೊನೆಗೆ ಒಬ್ಬ ಮುದುಕಿಯ ಮುಖ. ಬೀದಿಯಲ್ಲಿ ಹೋಗುವವರನ್ನು ಕರೆತಂದು, ಕಾಫಿ ಕೊಟ್ಟು, ಕೂರಿಸಿ ತೋರಿಸುವುದು. ಆಮೇಲೆ ಹದಿನಾಲ್ಕು ಪ್ರಶ್ನೆ. ಫಾರಂನ ಕೊನೆಯಲ್ಲಿ ಸಣ್ಣದೊಂದು ಚೌಕ, ಅದರ ಪಕ್ಕ ‘ದೃಷ್ಟಿದೋಷ’ ಎಂದು ಬರೆದಿತ್ತು. ಅಲ್ಲಿ ಗೀಟು ಬಿದ್ದ ಫಾರಂ ಲೆಕ್ಕಕ್ಕಿಲ್ಲ.

ತಂತಿ ಅಕ್ಕನ ಕೆಲಸ ಯಂತ್ರ ಜೋಡಿಸುವುದು, ನೋಡುವವರ ಮುಖ ನೋಡುವುದು, ಬರೆದುಕೊಳ್ಳುವುದು. ಮೊದಲಾಗಿದ್ದರೆ ಈ ಕೆಲಸ ಅವಳಿಗೆ ಹಬ್ಬ. ಮನೆಗೆ ಹೋಗಿ ಒಬ್ಬೊಬ್ಬರ ಮುಖವನ್ನೂ ಅಣಕಿಸಿ ತನ್ನ ಅಕ್ಕನನ್ನು ನಗಿಸುತ್ತಿದ್ದಳು. ಅಕ್ಕ ಹೊಲಿಗೆ ಟೀಚರು. ಮೂವತ್ತು ವರ್ಷ ಇಬ್ಬರೇ ಒಂದು ಮನೆಯಲ್ಲಿದ್ದವರು. ಆ ಅಕ್ಕ ತೀರಿಕೊಂಡು ಒಂದು ವರ್ಷ ನಾಲ್ಕು ತಿಂಗಳಾಗಿತ್ತು. ಅವತ್ತು ಇವಳ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ‘ಗಟ್ಟಿಗಿತ್ತಿ ಕಣಮ್ಮ’ ಎಂದು ನೆಂಟರು ಹೊಗಳಿದರು. ಗಟ್ಟಿತನವೂ ಅಲ್ಲ, ಮಣ್ಣೂ ಅಲ್ಲ. ಅಳು ನಾಳೆ ಬರಬಹುದು, ನಾಡಿದ್ದು ಬರಬಹುದು ಎಂದು ಅವಳೇ ಕಾದಳು. ಬರಲಿಲ್ಲ. ಉಂಡರೆ ಹೊಟ್ಟೆ ತುಂಬುತ್ತಿತ್ತು, ಮಲಗಿದರೆ ಬೆಳಗಾಗುತ್ತಿತ್ತು, ಅಷ್ಟೆ. ಯಾರಾದರೂ ಹೇಗಿದ್ದೀಯ ಎಂದರೆ ಚೆನ್ನಾಗಿದ್ದೀನಿ ಎನ್ನುತ್ತಿದ್ದಳು. ಅದು ಸುಳ್ಳೋ ನಿಜವೋ ಅವಳಿಗೇ ತಿಳಿಯುತ್ತಿರಲಿಲ್ಲ.

ಪರೀಕ್ಷೆ ಶುರುವಾದ ಮೂರನೇ ದಿನ ಬೆಳಗ್ಗೆ ಕರೆಂಟು ಹೋಯಿತು, ಹತ್ತು ನಿಮಿಷಕ್ಕೆ ಬಂತು. ಟಿ.ವಿ.ಗಳ ಹಿಂದೆ ಎರಡು ಪ್ಲೇಯರುಗಳ ನಡುವೆ ಒಂದು ಪುಟ್ಟ ಪೆಟ್ಟಿಗೆಯಿತ್ತು. ಯಾವ ಪ್ಲೇಯರಿನ ಚಿತ್ರ ಯಾವ ಟಿ.ವಿ.ಗೆ ಎಂದು ಹಂಚುವುದು ಅದೇ. ಕರೆಂಟು ಹೋಗಿ ಬಂದರೆ ಅದಕ್ಕೊಂದು ಮರೆವಿನ ರೋಗ: ಹಳೆಯ ಪ್ಲೇಯರಿನ ಚಿತ್ರವನ್ನೇ ಎರಡೂ ಟಿ.ವಿ.ಗೆ ಕಳಿಸುತ್ತಾ ಕೂರುತ್ತದೆ. ಹಿಂಭಾಗದ ಗುಂಡಿಯನ್ನು ಒಮ್ಮೆ ಒತ್ತಿದರೆ ಸರಿಹೋಗುತ್ತದೆ. ಇದನ್ನು ಉಳಿದವರಿಗೆಲ್ಲ ಹೇಳಿಕೊಟ್ಟವಳೇ ತಂತಿ ಅಕ್ಕ. ಆ ದಿನ ಅವಳೇ ಒತ್ತಲಿಲ್ಲ. ಎರಡೂ ಟಿ.ವಿ. ಬೆಳಗಿದವು. ಬೆಳಗಿದ್ದು ಸಾಕೆಂದು ಜನರ ಕಡೆ ತಿರುಗಿದಳು.

ಹೀಗೆ ಎರಡೂ ಕಡೆ ಒಂದೇ ಹಳೆಯ ಡಿಸ್ಕ್ ಓಡತೊಡಗಿತು. ಜನ ಏನೆಂದರು ಅನ್ನುತ್ತೀರಿ? ಹೊಗಳಿದರು! ಕಾಫಿ ಕುಡಿದಿದ್ದಾರೆ, ಒಬ್ಬ ಹೆಂಗಸು ಮರ್ಯಾದೆಯಿಂದ ‘ಬಲಗಡೆಯದು ಹೊಸದು’ ಎಂದು ತೋರಿಸುತ್ತಿದ್ದಾಳೆ. ಅಂಥವಳ ಮುಖ ಮುರಿದ ಹಾಗೆ ಇಲ್ಲ ಎನ್ನುವುದು ಹೇಗೆ? ದಾಕ್ಷಿಣ್ಯಕ್ಕೆ ಹೂಂ ಎಂದವರಿದ್ದರು. ನಿಜಕ್ಕೂ ಕಂಡಿತೆಂದು ಆಣೆಯಿಟ್ಟು ಹೇಳುವವರು ಇನ್ನೂ ಹೆಚ್ಚಿದ್ದರು. ಕೊಳ್ಳುತ್ತೀರಾ ಎಂಬ ಕೊನೆಯ ಪ್ರಶ್ನೆಗೆ ಮಾತ್ರ ಎಲ್ಲರ ದನಿಯೂ ಇಳಿಯುತ್ತಿತ್ತು. ‘ನಮ್ಮ ಹತ್ರ ಇರೋ ಡಿಸ್ಕುಗಳನ್ನ ಏನ್ ಮಾಡೋದು?’ ‘ಕ್ಯಾಸೆಟ್ ಎಸೆದು ಇದನ್ನ ತಗೊಂಡ್ವಿ, ಈಗ ಇದನ್ನೂ ಎಸೀಬೇಕಾ?’ ಎಂದು ರಾಗ ಎಳೆದು, ಕೊನೆಗೆ ಹೂಂ ಎಂದೇ ಬರೆಸಿ ಮೆಟ್ಟಿಲಿಳಿಯುತ್ತಿದ್ದರು.

ಆರನೇ ದಿನ ಗಡಿಯಾರ ರಿಪೇರಿಯವರು ಬಂದರು. ಹಿಂದಿನ ಬೀದಿಯಲ್ಲಿ ಅವರದೊಂದು ಅಂಗೈ ಅಗಲದ ಅಂಗಡಿ. ಅರವತ್ತು ದಾಟಿದ ಮನುಷ್ಯ, ಒಗೆದು ಒಗೆದು ಬಣ್ಣ ಹೋದ ಶರ್ಟಿಗೆ ಕತ್ತಿನವರೆಗೂ ಗುಂಡಿ ಹಾಕಿದ್ದರು. ಅವರ ಜೊತೆ ಸೋಫಾದ ಮೇಲೆ ಬೇರೊಂದು ಮನೆಯ ಗಂಡ, ಹೆಂಡತಿ, ವಯಸ್ಸಾದ ಅತ್ತೆ. ಉಳಿದವರು ಒರಗಿ ನೋಡಿದರೆ ಇವರು ಮುಂದಕ್ಕೆ ಬಗ್ಗಿ, ಒಂದು ಕಣ್ಣು ಕಿರಿದು ಮಾಡಿ ನೋಡಿದರು.

‘ಎರಡೂ ಒಂದೇ ಇದೆಯಲ್ಲಮ್ಮ,’ ಎಂದರು.

‘ಇಲ್ಲ ಯಜಮಾನ್ರೇ, ಬಲಗಡೇದು ಹೊಸದು. ಇನ್ನೊಂದ್ಸಲ ನೋಡಿ.’

ಇನ್ನೊಂದು ಸಲ ನೋಡಿದರು. ತಲೆಯಾಡಿಸಿದರು. ‘ಒಂದೇ.’

‘ಅಯ್ಯೋ, ಆ ಎಲೆ ಮೇಲಿನ ನೀರು ನೋಡ್ರೀ!’ ಎಂದು ಅತ್ತೆ ನಕ್ಕರು. ‘ಮುಟ್ಟಿದ್ರೆ ಕೈ ಒದ್ದೆಯಾಗೋ ಹಾಗಿದೆ. ನನಗೇ ಕಾಣ್ತಿದೆ!’

ಗಂಡ ಹೆಂಡತಿಯೂ ಹೌದು ಹೌದು ಎಂದರು. ಗಡಿಯಾರದ ಯಜಮಾನರ ಮುಖ ಸಣ್ಣಗಾಯಿತು. ‘ನನ್ನ ಕೆಲಸ ನಡೆಯೋದೇ ಕಣ್ಣಿಂದ ಕಣಮ್ಮ,’ ಎಂದು ಮೆಲ್ಲಗೆ ಹೇಳಿದರು.

‘ಒಂದ್ಸಲ ಕಣ್ಣು ತೋರಿಸ್ಕೊಂಡುಬಿಡಿ,’ ಎಂದಳು ತಂತಿ ಅಕ್ಕ. ಮೆಟ್ಟಿಲು ನೋಡಿಕೊಂಡು ಇಳಿಯಿರಿ ಎನ್ನುವಾಗಿನ ದನಿಯಲ್ಲೇ ಅದನ್ನೂ ಹೇಳಿ, ಚೌಕದಲ್ಲಿ ಗೀಟು ಹಾಕಿದಳು.

ಹತ್ತೊಂಬತ್ತನೇ ದಿನ ಬೆಳಗ್ಗೆ, ಜನ ಬರುವ ಮೊದಲು, ಧೂಳು ಒರೆಸಲೆಂದು ಹಳೆಯ ಪ್ಲೇಯರನ್ನು ನಿಲ್ಲಿಸಿದಳು. ಎಡದ ಟಿ.ವಿ. ಕಪ್ಪಾಯಿತು. ಬಲದ್ದೂ ಕಪ್ಪಾಯಿತು. ಮೂರನೇ ದಿನ ಒತ್ತದೆ ಬಿಟ್ಟ ಗುಂಡಿ ನೆನಪಾಯಿತು. ಇನ್ನೊಬ್ಬರಾಗಿದ್ದರೆ ಎದೆ ಧಸಕ್ಕೆನ್ನುತ್ತಿತ್ತು. ಇವಳಿಗೆ ಅದೂ ಆಗಲಿಲ್ಲ. ನೆಟ್ಟಗೆ ಸಾಹೇಬರ ಮುಂದೆ ಹೋಗಿ ನಡೆದದ್ದನ್ನು ಹೇಳಿದಳು.

‘ಎಷ್ಟು ದಿನ?’ ಎಂದು ಕೇಳಿದರು ಸಾಹೇಬರು. ಪಾಪ, ಸಣ್ಣ ವಯಸ್ಸಿನವರು, ಮಾತಿಗೆ ಮುಂಚೆ ಟೈ ಮುಟ್ಟಿಕೊಳ್ಳುವ ಅಭ್ಯಾಸ.

‘ಹದಿನಾರು ದಿನ ಸಾರ್. ಮುನ್ನೂರ ಎಂಟು ಜನ.’

‘ಅದರಲ್ಲಿ ಬಲಗಡೇದು ಚೆನ್ನಾಗಿದೆ ಅಂದೋರು?’

‘ಇನ್ನೂರ ತೊಂಬತ್ತಾರು. ಹನ್ನೊಂದು ಜನ ಎಡಗಡೇದೇ ವಾಸಿ ಅಂದ್ರು.’

ಸಾಹೇಬರಿಗೆ ಮೊದಲು ನಗು ಬಂತು, ಆಮೇಲೆ ನಿಂತಿತು. ಎದ್ದು ಬಾಗಿಲು ಹಾಕಿ ಬಂದರು. ‘ಇಲ್ಲೀವರೆಗಿನ ವರದಿ ಮೇಲಕ್ಕೆ ಹೋಗಿಯಾಯ್ತು ಅಕ್ಕಾ. ಹೋಗಿ ಗುಂಡಿ ಒತ್ತಿ, ತುಟಿಪಿಟಕ್ಕೆನ್ನದೆ ಇದ್ದುಬಿಡಿ. ಅಂಗಡೀಲಾದ್ರೂ ಅಷ್ಟೇ ತಾನೇ? ಅಲ್ಲೂ ಯಾರೋ ಒಬ್ರು ನಿಂತ್ಕೊಂಡು ಇದು ಹೊಸದು ಅಂತಾರೆ, ಜನ ಹೌದು ಅಂತಾರೆ. ಇದ್ರಿಂದ ಯಾರಿಗೇನು ನಷ್ಟ?’

ಅವಳು ಹೋಗಿ ಗುಂಡಿ ಒತ್ತಿದಳು. ಕಂಪನಿ ಮುಳುಗಲಿ ತೇಲಲಿ, ಆ ಡಿಸ್ಕ್ ಮನೆಮನೆಗೆ ಹೋಗಲಿ ಗೋದಾಮಿನಲ್ಲಿ ಕೊಳೆಯಲಿ, ಅದರ ಬಗ್ಗೆ ತಲೆಕೆಡಿಸಿಕೊಳ್ಳುವ ಶಕ್ತಿ ಅವಳಲ್ಲಿರಲಿಲ್ಲ. ಆದರೆ ಯಾರಿಗೇನು ನಷ್ಟ ಎಂಬ ಮಾತು ಮಾತ್ರ ಎಲ್ಲೋ ತಗುಲಿಕೊಂಡಿತು. ಕಪಾಟು ತೆಗೆದು, ಫಾರಂಗಳ ಕಟ್ಟು ಬಿಚ್ಚಿದಳು. ಗೀಟು ಬಿದ್ದದ್ದು ಒಂದೇ ಒಂದು. ಮುನ್ನೂರ ಎಂಟು ಜನರಲ್ಲಿ ಇದ್ದದ್ದನ್ನು ಇದ್ದ ಹಾಗೆ ಕಂಡವರು ಒಬ್ಬರೇ, ಅವರನ್ನೇ ಕುರುಡರ ಲೆಕ್ಕಕ್ಕೆ ಸೇರಿಸಿದ್ದಳು. ಮಧ್ಯಾಹ್ನ ಊಟದ ಹೊತ್ತಿಗೆ ಡಬ್ಬಿ ಬಿಚ್ಚದೆ ಹಿಂದಿನ ಬೀದಿಗೆ ಹೋದಳು.

ಅಂಗಡಿ ತೆರೆದಿತ್ತು. ಯಜಮಾನರು ಒಂದು ವಾಚಿಗೆ ಬೆಲ್ಟು ಹಾಕುತ್ತಿದ್ದರು. ಗೋಡೆಯ ತುಂಬ ಬೆಲ್ಟುಗಳು, ಒಂದು ಡಬ್ಬದಲ್ಲಿ ಬ್ಯಾಟರಿಗಳು. ಕೆಲಸದ ಮೇಜು ಮಾತ್ರ ಬೋಳಾಗಿತ್ತು. ವರ್ಷಗಟ್ಟಲೆ ಸಾಮಾನು ಕೂತಿದ್ದ ಕಡೆಯಲ್ಲೆಲ್ಲ ಮರದ ಬಣ್ಣ ಬೇರೆಯಾಗಿತ್ತು.

‘ಬಾ ತಾಯಿ!’ ಎಂದರು. ಗುರುತು ಹಿಡಿದು ನಿಜಕ್ಕೂ ಸಂತೋಷಪಟ್ಟರು. ‘ನಾನೇ ಬಂದು ನಿನಗೊಂದು ಮಾತು ಹೇಳ್ಬೇಕು ಅಂತಿದ್ದೆ. ಒಳ್ಳೇ ಕಾಲಕ್ಕೆ ಎಚ್ಚರಿಸಿದೆ. ಯಾರದೋ ಒಳ್ಳೇ ವಾಚು ಕೆಡಿಸಿ ಬೈಸಿಕೊಳ್ಳೋದು ತಪ್ತು.’

‘ಡಾಕ್ಟರ ಹತ್ರ ಹೋಗಿದ್ರಾ?’

‘ಹೋಗಿದ್ದೆ. ವಯಸ್ಸಿಗೆ ಸರಿಯಾಗೇ ಇದೆ ಅಂದ್ರು. ಡಾಕ್ಟರು ಸಮಾಧಾನಕ್ಕೆ ಹಾಗನ್ನಬೇಕು ಬಿಡು. ಆ ವಯಸ್ಸಾದ ಹೆಂಗಸಿಗೆ ಕಂಡಿದ್ದು ನನಗೆ ಕಾಣಲಿಲ್ಲ ಅಂದ್ಮೇಲೆ ಇನ್ನೇನು? ಅವತ್ತಿಂದ ವಾಚು ಬಿಚ್ಚೋದೇ ಬಿಟ್ಟೆ.’

‘ಸಾಮಾನೆಲ್ಲ ಎಲ್ಲಿ?’

‘ಬೇರೆ ಊರಿನ ರಿಪೇರಿಯವನೊಬ್ಬ ಬಂದಿದ್ದ, ಕೊಟ್ಟುಬಿಟ್ಟೆ. ನಮ್ಮಪ್ಪನ ಕಾಲದ್ದು ಅದು. ಮನೇಲಿ ಇಟ್ಕೊಂಡ್ರೆ ಕೈ ತುರಿಸುತ್ತೆ ಅಂತ, ಎಲ್ಲಾ ತಗೊಂಡೋಗಿಬಿಡಪ್ಪಾ ಅಂದೆ.’

ಹೀಗೆಂದು ನಕ್ಕರು. ನಲವತ್ತು ವರ್ಷದ ಕೆಲಸ ಬಿಟ್ಟು ಅವರು ಹೇಗೋ ನೆಮ್ಮದಿಯಾಗಿದ್ದರು. ತಂತಿ ಅಕ್ಕ ಒಳ್ಳೆಯದು ಎಂದು ಹೇಳಿ ಎದ್ದು ಬಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಯಾರೂ ಅವಳನ್ನು ಕೇಳುತ್ತಿರಲಿಲ್ಲ. ಅವಳು ಏಳಲಿಲ್ಲ.

‘ನಿಮ್ಮ ಕಣ್ಣಿಗೆ ಏನೂ ಆಗಿಲ್ಲ ಯಜಮಾನ್ರೇ. ಎರಡರಲ್ಲೂ ಹಳೇದೇ ಓಡ್ತಿತ್ತು.’

‘ಸುಮ್ನಿರಮ್ಮ, ನೀನೂ ಸಮಾಧಾನ ಹೇಳೋಕೆ ಬಂದ್ಯಾ?’

ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು. ಹೋದ ಕರೆಂಟು, ಪುಟ್ಟ ಪೆಟ್ಟಿಗೆ, ಒತ್ತದೇ ಉಳಿದ ಗುಂಡಿ. ಸಮಾಧಾನದ ಮಾತನ್ನು ನಂಬದ ಮನುಷ್ಯ ಯಂತ್ರದ ಮಾತಿಗೆ ಕಿವಿಗೊಟ್ಟರು.

‘ಗುಂಡಿ ಒತ್ತದಿದ್ರೆ ಎರಡಕ್ಕೂ ಒಂದರದ್ದೇ ಹೋಗುತ್ತಾ?’

‘ಹೂಂ.’

‘ಹಾಗಾದ್ರೆ ನಾನು ಕಂಡಿದ್ದು ಸರಿ.’

‘ನೀವೊಬ್ರೇ ಸರಿ.’

ಯಜಮಾನರು ಬೆಲ್ಟನ್ನು ಕೆಳಗಿಟ್ಟರು. ಬೋಳು ಮೇಜಿನ ಮೇಲೆ ಎರಡೂ ಕೈ ಊರಿದರು. ಬೀದಿಯಲ್ಲಿ ಯಾರೋ ಸೈಕಲ್ ನಿಲ್ಲಿಸಿ, ಬೀಗ ಹಾಕಿಕೊಂಡು ಹೋದರು.

‘ನಾನು ಎರಡೂ ಒಂದೇ ಅಂದ್ನಲ್ಲ,’ ಎಂದು ನಿಧಾನವಾಗಿ ಕೇಳಿದರು. ‘ಆವಾಗ ನೀನು ಟಿ.ವಿ. ಕಡೆ ನೋಡಿದ್ಯಾ?’

‘ಇಲ್ಲ.’

‘ಒಂದ್ಸಲ ತಿರುಗಿ ನೋಡಿದ್ರೆ ಸಾಕಿತ್ತಲ್ಲ ತಾಯಿ. ಎರಡು ಸಲ ಹೇಳಿದೆ ನಾನು. ಯಾಕೆ ನೋಡಲಿಲ್ಲ?’

ಇಂಥದ್ದಕ್ಕೆಲ್ಲ ಜನ ಒಂದು ನೆಪ ಇಟ್ಟುಕೊಂಡಿರುತ್ತಾರೆ. ಕೆಲಸ ಜಾಸ್ತಿಯಿತ್ತು ಎನ್ನಬಹುದಿತ್ತು. ಅವಳ ಬಾಯಿಂದ ಬಂದದ್ದು ಬೇರೆ. ‘ನಮ್ಮಕ್ಕ ತೀರ್ಕೊಂಡ ಮೇಲೆ ನಾನು ಏನನ್ನೂ ನೋಡ್ತಿಲ್ಲ,’ ಎಂದಳು. ಅದನ್ನು ಯಾರ ಮುಂದೆಯೂ ಹೇಳಿರಲಿಲ್ಲ.

‘ಅದಕ್ಕೆ ನನ್ನ ಕಣ್ಣು ಬೇಕಾಗಿತ್ತಾ?’

ಗದರಿಸಲಿಲ್ಲ ಅವರು, ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವ ಹಾಗೆ ಕೇಳಿದರು. ತಂತಿ ಅಕ್ಕನಿಗೆ ನಾಚಿಕೆಯಾಯಿತು. ಆ ನಾಚಿಕೆ ಎದೆಯಲ್ಲಿ ಸುಟ್ಟಿತು, ನೋವಾಯಿತು. ನೋವು ಹೇಗಿರುತ್ತದೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ಗಿರಾಕಿಗಳ ಸ್ಟೂಲಿನ ಮೇಲೆ ಕೂತಲ್ಲೇ ಅಳು ಬಂತು. ಕರ್ಚೀಫು ಹುಡುಕುವಷ್ಟು ಪುರುಸೊತ್ತು ಕೊಡದೆ ಬಂತು. ಅಕ್ಕನಿಗಾಗಿ ಎಷ್ಟು, ಈ ಮನುಷ್ಯನಿಗಾಗಿ ಎಷ್ಟು ಎಂದು ಅವಳಿಗೂ ತಿಳಿಯಲಿಲ್ಲ. ಬೀದಿಗೆ ಕೇಳಿಸುವ ಹಾಗೆ ಅತ್ತಳು.

ಯಜಮಾನರು ಬೆಲ್ಟನ್ನು ಮತ್ತೆ ಕೈಗೆತ್ತಿಕೊಂಡರು.

‘ಅಳು ತಾಯಿ,’ ಎಂದರು. ‘ಅಪ್ಪನ ಸಾಮಾನು ಸುಮ್ನೆ ಹೋಯ್ತು, ಆದ್ರೂ ನನಗೆ ಏನೂ ಅನ್ನಿಸ್ತಾನೇ ಇಲ್ಲ.’