ಒಂದೇ ಕರೆಗೆ ಓ ಅನ್ನಬಾರದು

ಹಿಂದಿನಿಂದ ಕರೆದರೆ ಮೇಡಂ ತಿರುಗುತ್ತಿರಲಿಲ್ಲ; ಕಿವಿಯ ಝುಮಕಿ ಮಾತ್ರ ಒಮ್ಮೆ ಅಲುಗುತ್ತಿತ್ತು. ಕೇಳಿಸಿದೆ ಎನ್ನುವುದಕ್ಕೆ ಅದೊಂದೇ ಗುರುತು. ಎರಡನೇ ಸಲ ಕರೆದಾಗಲೇ "ಓ, ಏನ್ ಬೇ" ಎಂದು ತಿರುಗುವವರು. ಸಂಶೋಧನೆಗೆಂದು ಕಲಬುರಗಿಗೆ ಬಂದು ಮೊದಲ ದಿನ ಅವರ ಲ್ಯಾಬಿನ ಬಾಗಿಲಲ್ಲಿ ನಿಂತು ಕರೆದಾಗ, ಝುಮಕಿ ಅಲುಗಿದ್ದನ್ನೂ ಉತ್ತರ ಬಾರದ್ದನ್ನೂ ನೋಡಿ, ಎಂಥಾ ಸೊಕ್ಕಿನ ಹೆಂಗಸಪ್ಪಾ ಅಂದುಕೊಂಡೆ. ನಾನೂ ಮಾದನಹಿಪ್ಪರಗಾದವಳು, ಸೊಕ್ಕಿನಲ್ಲಿ ಕಡಿಮೆಯಿಲ್ಲ. ಇನ್ನೊಮ್ಮೆ ಕರೆಯದೆ ಹಾಗೇ ನಿಂತೆ. ಕೊನೆಗೆ ಅಟೆಂಡರ್ ಬಂದು, "ಇನ್ನೊಮ್ಮಿ ಕರೀರಿ ಅಕ್ಕೋರೆ, ಅವ್ರು ಒಂದ್ ಕರಿಗಿ ಓ ಅನ್ನಂಗಿಲ್ಲ" ಅಂದ.

ಮೇಡಂ ಅವರದು ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ಊರು. ಸುತ್ತ ಲಿಂಬೆ ತೋಟ. ಲಿಂಬೆಯ ಎಲೆ, ಕಾಯಿಗಳ ಮೇಲೆ ಗಜ್ಜಿ ಏಳಿಸುವ ದುಂಡಾಣುವಿನ ಬೆನ್ನು ಹತ್ತಿ ಅವರು ಅರ್ಧ ಆಯುಷ್ಯ ಸವೆಸಿದ್ದರು. ಗಜ್ಜಿ ಹಿಡಿದ ಎಲೆಯೊಂದನ್ನು ನನ್ನ ಅಂಗೈಯಲ್ಲಿಟ್ಟು ಹೇಳಿದ್ದರು: "ಇದು ಬಾಗಲಾ ಒಡದು ಬರಂಗಿಲ್ಲ ಬೇ. ತನ್ನದೊಂದು ಪ್ರೋಟೀನ್ ಒಳಗ ಕಳಸ್ತದ. ಅದು ಮನಿಮಂದಿ ದನೀಲೆ ಕರೀತದ. ಗಿಡದ ಪ್ರೋಟೀನ್ ಒಂದು ಓ ಅಂತದ, ಹೋಗಿ ಕೈ ಹಿಡೀತದ. ಅಲ್ಲಿಗಿ ಮುಗೀತು."

ಓ ಅನ್ನುವ ಆ ಪ್ರೋಟೀನ್ ಯಾವುದು? ಅವರಿಗೆ ಬೇಕಿದ್ದದ್ದು ಅದೊಂದೇ ಉತ್ತರ.

ಒಂದು ಮಧ್ಯಾಹ್ನ ರೊಟ್ಟಿ, ಶೇಂಗಾ ಹಿಂಡಿ ಉಣ್ಣುತ್ತಾ ತಮ್ಮ ತಾಯಿಯ ಸುದ್ದಿ ತೆಗೆದರು. ತಂದೆ ತೀರಿಹೋದ ವರ್ಷವಂತೆ. ತಾಯಿ ರೊಟ್ಟಿ ಬಡಿಯುತ್ತಿದ್ದಾಗ ಹೊರಗಿನಿಂದ ತಂದೆಯದೇ ದನಿ ಕರೆಯಿತು. ಆಕೆ "ಓ, ಬಂದೆ" ಎಂದು ಹಿಟ್ಟಿನ ಕೈಯಲ್ಲೇ ಓಡಿ ಬಾಗಿಲು ತೆಗೆದರೆ ಯಾರೂ ಇಲ್ಲ. ಅಂದು ಹಿಡಿದ ಜ್ವರ ಬಿಡಲೇ ಇಲ್ಲ, ಆಕೆ ಹೋದಳು. ಸತ್ತವರು ಕರೆಯುವುದು ಒಂದೇ ಸಲ, ಆ ಒಂದೇ ಕರೆಗೆ ಓ ಅಂದದ್ದಕ್ಕೆ ಹೀಗಾಯಿತು ಎಂದು ಊರೆಲ್ಲ ಆಡಿತು.

"ಸುಳ್ಳಂತ ನನಗೂ ಗೊತ್ತದ. ಆಕಿಗಿ ಟೈಫಾಯ್ಡ್ ಆಗಿತ್ತು" ಅಂದು, ತಟ್ಟೆ ತೊಳೆಯಲು ಎದ್ದವರು ನಿಂತು ಹೇಳಿದರು: "ಆದ್ರ ನಾನೂ ಒಲಿ ಮುಂದೇ ಕುಂತಿದ್ದೆ. ನನಗೂ ಕೇಳಿಸಿತ್ತು."

ಆ ಅಂಜಿಕೆಯನ್ನೇ ಅವರು ಕೆಲಸದ ರೀತಿ ಮಾಡಿಕೊಂಡಿದ್ದರು. ದುಂಡಾಣುವಿನ ಪ್ರೋಟೀನನ್ನೂ ಲಿಂಬೆಯ ಪ್ರೋಟೀನನ್ನೂ ಯೀಸ್ಟಿನೊಳಗೆ ಸೇರಿಸುತ್ತಿದ್ದೆವು. ಅವೆರಡೂ ಕೈ ಹಿಡಿದರೆ ಮಾತ್ರ ಯೀಸ್ಟ್ ಪ್ಲೇಟಿನ ಮೇಲೆ ಬೆಳೆಯಬೇಕು. ಬೆಳೆದರೂ ಮೇಡಂ ನಂಬುವವರಲ್ಲ. ಅದು ಒಂದನೇ ಕರೆಯಷ್ಟೇ. ಇನ್ನೊಮ್ಮೆ ಮಾಡಬೇಕು, ಆಗ ದುಂಡಾಣುವಿನ ಪ್ರೋಟೀನ್ ಹಾಕದೇ ಇರುವ ಪ್ಲೇಟೊಂದನ್ನು ಪಕ್ಕದಲ್ಲಿಡಬೇಕು. ಕರೆಯುವವರೇ ಇಲ್ಲದ ಮನೆ ಸುಮ್ಮನಿರಬೇಕಲ್ಲ!

ಅವರು ಕಾಯಿಲೆ ಬಿದ್ದು ಸೊಲ್ಲಾಪುರದ ದವಾಖಾನೆ ಸೇರಿದ ಮೇಲೆ ನನ್ನ ಪ್ಲೇಟೊಂದು ಬೆಳೆಯಿತು. ಸಿಕ್ಕ ಬಸ್ಸು ಹತ್ತಿ ಓಡಿದೆ. ಝುಮಕಿ ತೆಗೆದ ಕಿವಿ ಬೋಳಾಗಿತ್ತು. ಸುದ್ದಿ ಕೇಳಿ ಅವರ ಕಣ್ಣು ಹೊಳೆದವು. ಅಷ್ಟರಲ್ಲೇ ಸಾವರಿಸಿಕೊಂಡು, ಎರಡನೇ ಸಲ ಮಾಡಿದೆಯಾ ಎಂದು ಕೇಳಿದರು. ಇನ್ನೂ ಇಲ್ಲ ಅಂದೆ.

"ಹಂಗಾದ್ರ ಓ ಅನ್ನಬ್ಯಾಡ" ಅಂದರು.

ಎರಡನೇ ಸಲ ಮಾಡಿದಾಗ, ಕರೆಯುವವರಿಲ್ಲದ ಪ್ಲೇಟೂ ಬೆಳೆಯಿತು. ಅದೂ ಎಷ್ಟು ಸೊಂಪಾಗಿ! ಅಂದರೆ ನಮ್ಮ ಉತ್ತರ ಸುಳ್ಳು. ನಾನು ಲ್ಯಾಬಿನಲ್ಲೇ ಕೂತು ಅತ್ತೆ.

ದವಾಖಾನೆಯ ಬಾಗಿಲಲ್ಲಿ ಜೇವರ್ಗಿಯಿಂದ ಬಂದಿದ್ದ ಅವರ ತಂಗಿ ನನ್ನ ಕೈ ಹಿಡಿದರು. "ಸಿಕ್ತು ಅಂತ ಹೇಳ್ರಿ. ಸಮಾಧಾನಲೇ ಹೋಗ್ಲಿ ನಮ್ಮಕ್ಕ." ಹಾಗೇ ಹೇಳಿಬಿಡೋಣ ಅಂತಲೇ ಒಳಗೆ ಹೋದೆ. ಮೇಡಂ ಎಂದು ಕರೆದೆ. ರೆಪ್ಪೆ ಅಲುಗಿತು, ಅಷ್ಟೇ. ಇನ್ನೊಮ್ಮೆ ಕರೆದೆ. "ಓ" ಅಂದರು. ಸಾಯುವಾಗಲೂ ಎರಡನೇ ಕರೆಗೆ ಕಾಯುವವರ ಮುಂದೆ ಸುಳ್ಳು ಹೇಗೆ ಹೇಳಲಿ? ಇದ್ದದ್ದನ್ನು ಹೇಳಿದೆ.

ಅವರು ಬೋಳು ಕಿವಿ ಮುಟ್ಟಿಕೊಂಡರು. ಆಮೇಲೆ, "ಯಾರೂ ಕರೀಲಾರದೇ ಓ ಅಂದದ... ನಮ್ಮವ್ವನಂಗ" ಅಂದರು. ಮತ್ತೆ ನನ್ನ ಕಡೆ ಹೊರಳಿ, "ಹಂಗಾದ್ರ ಅವತ್ತ ನನಗ ಕೇಳಿಸಿದ್ದು ಏನು ಬೇ?"

ಎರಡು ದಿನಕ್ಕೆ ಅವರು ಹೋದರು.

ಓ ಅನ್ನುವ ಆ ಪ್ರೋಟೀನನ್ನು ಈಗ ನಾನು ಹುಡುಕುತ್ತಿದ್ದೇನೆ. ನನ್ನ ವಿದ್ಯಾರ್ಥಿಗಳು ಒಂದನೇ ಪ್ಲೇಟಿಗೇ ಕುಣಿದರೆ ಬೈಯುತ್ತೇನೆ. ನಾನು ಕಲಿತದ್ದರಲ್ಲಿ ಗಟ್ಟಿಯಾದದ್ದು ಇಷ್ಟೇ, ಅದೂ ಅವರು ಕೊಟ್ಟದ್ದು. ಆದರೆ ಒಬ್ಬಳೇ ಪ್ಲೇಟಿನ ಮೇಲೆ ಬಗ್ಗಿದಾಗ ಕೆಲವೊಮ್ಮೆ ಹಿಂದಿನಿಂದ "ಬೇ" ಅಂದಂತಾಗುತ್ತದೆ. ಒಂದೇ ಸಲ. ಇನ್ನೊಂದು ಕರೆಗೆ ಕಾಯಬೇಕು ಅನ್ನುವುದು ಗೊತ್ತು. ಕಾಯಲಾಗುವುದಿಲ್ಲ.

"ಓ ರೀ ಮೇಡಂ" ಅಂದುಬಿಡುತ್ತೇನೆ.