ಮರಳಿ ಬಾರದ ಮೇಲ್‌ಗಳು

ಆಸ್ಪತ್ರೆಯ ಮೇಲ್ ಸರ್ವರ್ ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಸರ್ವರಕ್ಕ ಎನ್ನುತ್ತಿದ್ದರು. ರೋಗಿಗಳ ಪರೀಕ್ಷೆಯ ರಿಪೋರ್ಟುಗಳು ಅವರು ಬರೆದುಕೊಟ್ಟ ವಿಳಾಸಕ್ಕೆ ಮೇಲ್‌ನಲ್ಲೇ ಹೋಗುತ್ತಿದ್ದವು. ವಿಳಾಸ ತಪ್ಪಿದ್ದರೆ ‘ಮೇಲ್ ತಲುಪಲಿಲ್ಲ’ ಎಂಬ ಸೂಚನೆ ಮರಳಿ ಬರಬೇಕು. ಈಚೆಗೆ ಒಂದೂ ಬಂದಿರಲಿಲ್ಲ.

“ಒಳ್ಳೇದೇ ಆಯ್ತಲ್ಲಮ್ಮಾ, ಎಲ್ಲಾ ತಲುಪ್ತಿದೆ,” ಎಂದು ಮ್ಯಾನೇಜರು ನಕ್ಕರು.

“ಇಷ್ಟು ರೋಗಿಗಳಲ್ಲಿ ಒಬ್ರೂ ವಿಳಾಸ ತಪ್ಪು ಬರೆದಿಲ್ಲ ಅಂದ್ರೆ ನಂಗ್ಯಾಕೋ ನಂಬಿಕೆ ಬರ್ತಿಲ್ಲ ಸಾರ್.”

ಅವಳು ಇಲ್ಲದ ವಿಳಾಸಕ್ಕೊಂದು ಮೇಲ್ ಕಳಿಸಿ ಕಾದಳು. ಏನೂ ಮರಳಲಿಲ್ಲ. ಸರ್ವರ್ ಕೆದಕಿದಾಗ ಕಳ್ಳ ಸಿಕ್ಕಿಬಿದ್ದ. ಕಸದ ಮೇಲ್ ತಡೆಯುವ ಫಿಲ್ಟರ್, ಕಳಿಸಿದವರ ಹೆಸರಿಲ್ಲವೆಂದು ಆ ಸೂಚನೆಗಳನ್ನೆಲ್ಲ ನುಂಗಿಹಾಕುತ್ತಿತ್ತು. ಅದನ್ನು ಸರಿಪಡಿಸಿ ಹಳೆಯ ರಿಪೋರ್ಟುಗಳನ್ನು ಮತ್ತೆ ಕಳಿಸಿದ್ದೇ ತಡ, ಸೂಚನೆಗಳು ದಬದಬನೆ ಬಂದವು.

ಬೇರೆಯವಳಾಗಿದ್ದರೆ ಕೆಲಸ ಮುಗಿಯಿತೆಂದು ಏಳುತ್ತಿದ್ದಳು. ಸರ್ವರಕ್ಕ ಫೋನೆತ್ತಿ, “ನಿಮ್ಮ ರಿಪೋರ್ಟ್ ನಿಮಗೆ ತಲುಪಿಲ್ಲಮ್ಮಾ, ಇವತ್ತೇ ಬಂದು ಡಾಕ್ಟರನ್ನ ನೋಡಿ,” ಎಂದು ಶುರುಮಾಡಿದಳು. ಮ್ಯಾನೇಜರು ಪಕ್ಕದ ಫೋನ್ ಎತ್ತಿಕೊಂಡರು.