ದೇವಿಕೊಪ್ಪದ ದವಾಖಾನೆಯ ಬೋಗುಣಿ

ದೇವಿಕೊಪ್ಪದಲ್ಲಿ ಬಸ್ ಇಳಿಯುವಾಗ ಕಾಲು ಉಳುಕಿತು. ಹಾಗಾಗಿ ಕನ್ಯಾಸ್ತ್ರೀಯರು ನಡೆಸುವ ಒಂದೇ ಕೋಣೆಯ ದವಾಖಾನೆಯ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ನನಗಿಂತ ಮೊದಲು ಬಂದ ಅಜ್ಜಿಯ ಕೊರಳಲ್ಲಿ ಲಿಂಗವಿತ್ತು, ಹಿಮ್ಮಡಿಯಲ್ಲಿ ಕೀವುಗಟ್ಟಿದ ಗಾಯವಿತ್ತು. ಸಿಸ್ಟರ್ ಬೋಗುಣಿಯಲ್ಲಿ ನೀರು ತಂದು ನೆಲದ ಮೇಲೆ ಕೂತರು. ಅಜ್ಜಿ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

“ಬ್ಯಾಡ್ರಿ ತಾಯಿ. ನೀವು ಸನ್ಯಾಸ ತಗೊಂಡಾವ್ರು. ನಿಮ್ಮ ಪಾದಾ ನಾವು ತೊಳೀಬೇಕು. ನಿಮ್ಮ ಕಡಿಂದ ತೊಳಿಸ್ಕೊಂಡ್ರ ನನಗ ಪಾಪ ಹತ್ತತೈತಿ.”

“ನಮ್ಮ ಯೇಸುಸ್ವಾಮಿನೂ ಶಿಷ್ಯರ ಕಾಲು ತೊಳದಾರ, ಅಜ್ಜಿ. ಹಿಂಗ ಬಿಟ್ರ ಕಾಲ ತಗೀಬೇಕಾಗತೈತಿ.”

ಅಜ್ಜಿ ಯೋಚಿಸಿದಳು. “ಹಂಗಾದ್ರ ಮೊದಲ ನಿಮ್ಮ ಕಾಲು ಕೊಡ್ರಿ.”

ಸಿಸ್ಟರ್ ತಬ್ಬಿಬ್ಬಾದರು. ಅಲ್ಲಿಯವರೆಗೆ ಒಂದೇ ಸಮನೆ ಕೆಲಸ ಮಾಡುತ್ತಿದ್ದ ಕೈಗಳು ಮಡಿಲಲ್ಲಿ ಸುಮ್ಮನಾದವು. ಕೊಡುವುದಕ್ಕಿಂತ ಪಡೆಯುವುದೇ ಅವರಿಗೆ ಕಷ್ಟವೆಂದು ಕಂಡಿತು. ಕೊನೆಗೆ ನಾಚುತ್ತ ಸವೆದ ಚಪ್ಪಲಿ ಕಳಚಿದರು. ಅವರ ಹಿಮ್ಮಡಿಯೂ ಬಿರಿದಿತ್ತು.

ಅಜ್ಜಿ ಅಲ್ಲೇ ಇದ್ದ ಚೊಂಬಿನಿಂದ ನೀರು ಸುರಿದು ತೊಳೆದು, ಸೆರಗಿನಲ್ಲಿ ಒರೆಸಿ, ಕೈಮುಗಿದಳು. ಸಿಸ್ಟರ್ ಹುಡುಗಿಯಂತೆ ನಕ್ಕು, ಬೋಗುಣಿಗೆ ಹೊಸ ನೀರು ತಂದರು. ಅಜ್ಜಿ ತಾನಾಗಿಯೇ ಕಾಲು ಚಾಚಿದಳು.

“ಈಗ ತೊಳೀರಿ. ನೋವಾದ್ರ ಬೈತೀನಿ ಮತ್ತ.”